‘ಇಸ್ಕೂಲು’: ಒಂದು ಉಚ್ಚಾರಣೆಯ ವಿವೇಚನೆ

ಇಂಗ್ಲಿಷಿನ ‘ಸ್ಕೂಲ್’ ಎಂಬ ಪದ ಗ್ರಾಮೀಣ ಕನ್ನಡದಲ್ಲಿ ‘ಇಸ್ಕೂಲು’ ಎಂದು ಬಳಕೆಯಲ್ಲಿದೆ. ಇಂಗ್ಲಿಷನ್ನು ಹೊಸದಾಗಿ ಕಲಿಯುವ ಹಳ್ಳಿಯ ಮಗು ಇದೇ ರೂಪವನ್ನು ತರಗತಿಯಲ್ಲಿ ಉಚ್ಚರಿಸಿ ನಗೆಗೀಡಾಗುವುದುಂಟು. ಅಜ್ಞಾನದ ಕುರುಹೆಂದು ಹೀಗಳೆಯಲಾಗುವ ಈ ರೂಪದ ಹಿಂದೆ ಕನ್ನಡದ ಧ್ವನಿನಿಯಮಗಳೇ ಕೆಲಸ ಮಾಡಿವೆ.

ದೇಶ್ಯ ಪದಗಳ ಆದಿಯಲ್ಲಿ ಒತ್ತಕ್ಷರ ಬರುವುದು ಕನ್ನಡದ ಜಾಯಮಾನಕ್ಕೆ ಒಗ್ಗಿದುದಲ್ಲ. ಮೊದಲಿಗೆ ‘ಇ’ಕಾರ ಸೇರಿದೊಡನೆ ಸಕಾರವು ಅದಕ್ಕೆ ಆತುಕೊಳ್ಳುತ್ತದೆ, ಪದವು ‘ಇಸ್-ಕೂ-ಲು’ ಎಂದು ಸಲೀಸಾಗಿ ಬಿಡಿಸಿಕೊಳ್ಳುತ್ತದೆ. ಕೊನೆಯ ‘ಉ’ಕಾರಕ್ಕೂ ದೀರ್ಘ ಇತಿಹಾಸವಿದೆ. ಹಳಗನ್ನಡದ ‘ಕಾಲ್’, ‘ಪಾಲ್’ ಎಂಬ ವ್ಯಂಜನಾಂತ ಪದಗಳು ಮುಂದೆ ‘ಕಾಲು’, ‘ಹಾಲು’ ಎಂದು ಸ್ವರಾಂತವಾದದ್ದು ಇದೇ ಪ್ರವೃತ್ತಿಯಿಂದ.

ಅನ್ಯಭಾಷೆಯ ಪದಗಳನ್ನು ಹೀಗೆ ಒಗ್ಗಿಸಿಕೊಳ್ಳುವುದು ಕನ್ನಡಕ್ಕೆ ಹೊಸತಲ್ಲ. ಸಂಸ್ಕೃತದ ‘ಶ್ರೀ’ ‘ಸಿರಿ’ಯಾಯಿತು, ‘ಸ್ನೇಹ’ ‘ನೇಹ’ವಾಯಿತು. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಇಂತಹ ತದ್ಭವಗಳಿಗೆ ಅಪಭ್ರಂಶ ಪ್ರಕರಣವನ್ನೇ ಮೀಸಲಿಟ್ಟನು. ‘ನೇಹ’ದಲ್ಲಿ ಸಕಾರ ಲೋಪವಾದಂತೆಯೇ ‘ಸ್ಟೇಷನ್’ ಎಂಬುದು ಜನರ ಬಾಯಲ್ಲಿ ‘ಟೇಸನ್’ ಆಗಿದೆ. ಇತರ ಭಾಷೆಗಳಲ್ಲಿಯೂ ಈ ಬಗೆಯ ಮಾರ್ಪಾಡುಗಳಿವೆ. ಲ್ಯಾಟಿನ್ನಿನ ‘ಸ್ಕೋಲಾ’ ಸ್ಪ್ಯಾನಿಷಿನಲ್ಲಿ ಆದಿಸ್ವರ ಪಡೆದು ‘ಎಸ್ಕ್ವೆಲಾ’ ಆಯಿತು. ಅದು ಅಲ್ಲಿ ಶಿಷ್ಟರೂಪವೇ ಆಗಿದೆ. ಪಂಜಾಬಿಯು ಇಂಗ್ಲಿಷ್ ಪದದ ಒತ್ತಕ್ಷರವನ್ನು ಒಡೆದು ‘ಸಕೂಲ್’ ಎನ್ನುತ್ತದೆ.

ಹಾಗೆಂದು ಇಂಗ್ಲಿಷ್ ಕಲಿಯುವವನಿಗೆ ಆ ಭಾಷೆಯ ಉಚ್ಚಾರಣೆ ಬೇಡವೆಂದಲ್ಲ. ಕಷ್ಟ ಯಾವ ಧ್ವನಿಯಲ್ಲಿದೆ ಎಂಬುದನ್ನು ಮೊದಲು ಗುರುತಿಸಬೇಕು. ಇಂಗ್ಲಿಷಿನಲ್ಲಿ ಪದಾದಿಯ ಕಕಾರ ತುಸು ಮಹಾಪ್ರಾಣದಂತೆ ಕೇಳಿಸುತ್ತದೆ; ಸಕಾರದ ನಂತರ ಹಾಗಾಗುವುದಿಲ್ಲ. ಆದ್ದರಿಂದ ಇಲ್ಲಿ ಕನ್ನಡದ ಅಲ್ಪಪ್ರಾಣ ‘ಕ’ಕಾರವೇ ಸರಿಹೊಂದುತ್ತದೆ. ತೊಡಕಿರುವುದು ಪದದ ಎರಡು ತುದಿಗಳಲ್ಲಿ ಮಾತ್ರ. ‘ಬಸ್ ಕೂಲಿ’ ಎಂದು ಒಂದೇ ಉಸಿರಿನಲ್ಲಿ ಹೇಳಿಸಿ, ಮೊದಲಿನ ‘ಬ’ವನ್ನೂ ಕೊನೆಯ ‘ಇ’ಕಾರವನ್ನೂ ಬಿಡಿಸಿದರೆ ‘ಸ್ಕೂಲ್’ ಉಳಿಯುತ್ತದೆ. ಸಕಾರವನ್ನು ತುಸು ಎಳೆದು, ಸ್ವರ ಸೇರಿಸದೆ ‘ಕೂ’ಗೆ ಜಾರುವುದು ಮತ್ತು ‘ಲ್’ ನುಡಿದ ಮೇಲೆ ಧ್ವನಿಯನ್ನು ನಿಲ್ಲಿಸುವುದು ಅಭ್ಯಾಸದಿಂದ ಸಾಧ್ಯ.

ಹೀಗೆ ಕಲಿಸಿದಾಗ ಮಗು ಮನೆಯ ಮಾತಿಗೆ ನಾಚಬೇಕಾಗಿಲ್ಲ. ಎರಡು ಭಾಷೆಗಳ ಎರಡು ಕ್ರಮಗಳನ್ನು ಅದು ಅರಿಯುತ್ತದೆ. ಜಾನಪದ ಸಂಗ್ರಾಹಕರಿಗೂ ಇಲ್ಲೊಂದು ಎಚ್ಚರಿಕೆಯಿದೆ. ವಕ್ತೃವಿನ ‘ಇಸ್ಕೂಲು’, ‘ಟೇಸನ್’ಗಳನ್ನು ಲಿಪ್ಯಂತರದಲ್ಲಿ ‘ಸ್ಕೂಲ್’, ‘ಸ್ಟೇಷನ್’ ಎಂದು ತಿದ್ದಿದರೆ, ಕನ್ನಡವು ಹೊಸ ಪದವನ್ನು ತನ್ನದಾಗಿಸಿಕೊಂಡ ಬಗೆಗಿನ ಸಾಕ್ಷ್ಯವೇ ಅಳಿಸಿಹೋಗುತ್ತದೆ.