ಚೀಟಿಯ ಸರದಿ

ಕಾರವಾರ, ಅಂಕೋಲೆಗಳ ಮೀನುಪೇಟೆಯಲ್ಲಿ 20 ಮಂದಿ ಸೇರಿ ಚೀಟಿ ನಡೆಸುತ್ತಾರೆಂದು ಭಾವಿಸಿರಿ. ತಿಂಗಳಿಗೆ ತಲಾ 500 ರೂಪಾಯಿ ಕೂಡಿಸಿದರೆ 10,000 ರೂಪಾಯಿ. ಡಬ್ಬಿಯಿಂದ ಯಾರ ಹೆಸರು ಬಂದಿತೋ ಹಣ ಅವರದು. ಮಳೆಗಾಲ ಕಳೆದು ದೋಣಿ ಕಡಲಿಗಿಳಿಯುವ ಮುನ್ನ ಬಲೆ ಕೊಳ್ಳಬೇಕಾದವನಿಗೆ ಸರದಿ ತಡವಾದರೆ ಸುಗ್ಗಿಯೇ ಕೈತಪ್ಪೀತು.

ಮೊದಲ ತಿಂಗಳು ಅವನ ಅವಕಾಶ 20ರಲ್ಲಿ ಒಂದು. ಹಣ ಪಡೆದವರ ಹೆಸರು ಡಬ್ಬಿಗೆ ಮರಳುವುದಿಲ್ಲ. ಆದುದರಿಂದ ಹನ್ನೊಂದನೆಯ ತಿಂಗಳು ಅದು 10ರಲ್ಲಿ ಒಂದಾಗುತ್ತದೆ. ಕೊನೆಯ ತಿಂಗಳು ಖಚಿತ. ಕಾಯುವಿಕೆಗೆ ಈ ಫಲ ದೊರೆಯುವುದು ಹೊಸಬರು ನಡುವೆ ಸೇರದಿರುವುದರಿಂದ.

ಹೊಸಬರು ಸೇರುತ್ತಲೇ ಇದ್ದರೆ? ಅಮೆರಿಕದ ನೆವಾಡಾ ರಾಜ್ಯದಲ್ಲಿ ಬೇಟೆಯ ಪರವಾನಗಿಯನ್ನು ಹೀಗೆ ಚೀಟಿ ಎತ್ತಿ ಹಂಚುತ್ತಾರೆ. (ನಮ್ಮ ಕಾನೂನಿನಲ್ಲಿ ವಿನೋದದ ಬೇಟೆಗೆ ಎಡೆಯಿಲ್ಲವೆಂಬುದು ಸಮಾಧಾನದ ಸಂಗತಿ.) ಪ್ರತಿವರ್ಷವೂ ಹೊಸಬರು ಬರುವುದರಿಂದ, ನಿರಾಶರಾದವರಿಗೆ ವರ್ಷಕ್ಕೊಂದು ಅಂಕ ಸಲ್ಲುತ್ತದೆ. ಅಂಕದ ವರ್ಗಕ್ಕೆ ಒಂದನ್ನು ಕೂಡಿಸಿದಷ್ಟು ಚೀಟಿಗಳು ಅವರ ಪಾಲಿಗೆ. 3 ಅಂಕದವನಿಗೆ 10 ಚೀಟಿ. ಒಂದೇ ಪರವಾನಗಿಗೆ ಅವನೊಡನೆ ಹೊಸಬರು 9 ಮಂದಿ ನಿಂತರೆ, ಅವನ ಅವಕಾಶ 19ರಲ್ಲಿ 10, ಅರ್ಧಕ್ಕೂ ಮಿಗಿಲು. ಹತ್ತೂ ಮಂದಿಗೆ ಮೂರು ಮೂರು ಅಂಕಗಳಿದ್ದರೋ, 100ರಲ್ಲಿ 10. ಎಂದರೆ, ಅಂಕಗಳೇ ಇಲ್ಲದಿದ್ದರೂ ಇರುತ್ತಿದ್ದ 10ರಲ್ಲಿ ಒಂದು.