ಜೇಜುರಿ ಬೆಟ್ಟ: ನಾವು ನಂಬಿದ್ದು ಒಂದು, ಅಲ್ಲಿರುವುದು ಇನ್ನೊಂದು

ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಎಷ್ಟೋ ಮನೆಗಳಿಗೆ ಮೈಲಾರಲಿಂಗನೇ ಮನೆದೇವರು. ಕೆಲವರು ಹೂವಿನಹಡಗಲಿಯ ಮೈಲಾರಕ್ಕೆ ನಡೆದುಕೊಳ್ಳುತ್ತಾರೆ, ಕೆಲವರು ದೇವರಗುಡ್ಡಕ್ಕೆ, ಕೆಲವರು ಮಂಗಸೂಳಿಗೆ. ಇನ್ನು ಕೆಲವರ ಹರಕೆ, ಅದೇ ದೇವರಾದ ಜೇಜುರಿಯ ಖಂಡೋಬನಿಗೆ. ಪುಣೆಯಿಂದ ಅಲ್ಲಿಗೆ ಸುಮಾರು 50 ಕಿ.ಮೀ. ಮಿರಜ್–ಪುಣೆ ರೈಲುಮಾರ್ಗದಲ್ಲೇ ಜೇಜುರಿ ನಿಲ್ದಾಣ ಇರುವುದರಿಂದ ನಮ್ಮವರಿಗೆ ಅದು ಪರಊರು ಅನ್ನಿಸುವುದೇ ಇಲ್ಲ. ಸಮಸ್ಯೆ ಶುರುವಾಗುವುದೂ ಅಲ್ಲೇ. ಮನೆದೇವರ ಬೆಟ್ಟದ ಬಗ್ಗೆ ಕೇಳಿದ್ದನ್ನೆಲ್ಲ ನಾವು ಪ್ರಶ್ನಿಸದೆ ನಂಬುತ್ತ ಬಂದೆವು. ಅವುಗಳಲ್ಲಿ ಕೆಲವು ನಂಬಿಕೆಗಳಿಂದ ಕಾಲು ಉಳುಕುತ್ತದೆ, ಕೆಲವಕ್ಕೆ ಜೀವವೇ ಹೋಗುತ್ತದೆ.

ಬೆಟ್ಟಕ್ಕೆ ಒಂಬತ್ತು ಲಕ್ಷ ಮೆಟ್ಟಿಲು, ವಯಸ್ಸಾದವರಿಗೆ ಆಗದ ಮಾತು ಎಂಬುದು.

ವಾಸ್ತವ: ನವಲಾಖ ಮೆಟ್ಟಿಲು ಹಾಡು-ಕಥೆಗಳ ಲೆಕ್ಕ. ಊರಿನಿಂದ ಗಡದ (ಕೋಟೆಯ) ಗುಡಿಗೆ ಇರುವುದು ನಾನೂರರ ಆಸುಪಾಸು. ಕಮಾನುಗಳ ನೆರಳಿನಲ್ಲಿ, ದೀಪಮಾಲೆಗಳ ಪಕ್ಕದಲ್ಲಿ ನಿಂತು ಸುಧಾರಿಸಿಕೊಂಡು ಹತ್ತಿದರೆ ಗಟ್ಟಿಯಾಗಿರುವ ಹಿರಿಯರಿಗೂ ಸಾಧ್ಯ. ಹತ್ತುವಾಗ ಎದೆ ಹಿಂಡಿದಂತಾಗಿ, ತಣ್ಣನೆ ಬೆವರು ಬಂದರೆ ಮಾತ್ರ ಅದನ್ನು ಗ್ಯಾಸ್ ಎಂದು ತಳ್ಳಿಹಾಕಿ ಮುಂದೆ ಹೋಗಬಾರದು. ಅಲ್ಲೇ ಕುಳಿತು ಸಹಾಯಕ್ಕೆ ಕರೆಯಬೇಕು. ಹೊಸದಾಗಿ ಮದುವೆಯಾದವರು ಹೆಂಡತಿಯನ್ನು ತುದಿಯವರೆಗೆ ಹೊತ್ತೇ ಹೋಗಬೇಕೆಂಬುದೂ ಸುಳ್ಳು. ಐದು ಮೆಟ್ಟಿಲು ಎತ್ತಿಕೊಂಡರೆ ಪದ್ಧತಿ ಮುಗಿಯಿತು.

ಜೇಜುರಿಯಲ್ಲಿ ಇರುವುದು ಒಂದೇ ಗುಡಿ, ತಪ್ಪಿಸಿಕೊಂಡವರು ಗುಡಿಯ ಹತ್ತಿರ ಸಿಕ್ಕೇ ಸಿಗುತ್ತಾರೆ ಎಂಬುದು.

ವಾಸ್ತವ: ಗುಡಿಗಳು ಎರಡು. ಊರಿಗೆ ಅಂಟಿಕೊಂಡ, ಕೋಟೆಯಂಥ ಗೋಡೆಯ ಗಡದ ಗುಡಿ ಒಂದು. ಅದಕ್ಕಿಂತ ಹಳೆಯದು, ಎತ್ತರದಲ್ಲಿರುವುದು, ಹತ್ತಲು ಕಷ್ಟವಾದದ್ದು ಕಡೇಪಠಾರ. ಎರಡೂ ಖಂಡೋಬನವೇ. ಆದ್ದರಿಂದ ಗುಡಿಯ ಹತ್ತಿರ ಸಿಗೋಣ ಎಂದು ಮಾತಾಡಿಕೊಂಡವರಲ್ಲಿ ಅಪ್ಪ ಗಡದಲ್ಲಿ, ಮಗ ಕಡೇಪಠಾರದಲ್ಲಿ ಕಾಯುತ್ತ ಕೂರುವುದು ಆಶ್ಚರ್ಯವಲ್ಲ. ಮೊಬೈಲ್ ನಕ್ಷೆಯಲ್ಲಿ ಖಂಡೋಬಾ ಮಂದಿರ ಎಂದು ಹುಡುಕುವವರು ಯಾವ ಖಂಡೋಬಾ ಎಂದು ಒಮ್ಮೆ ನೋಡಿಕೊಳ್ಳಬೇಕು. ಹೊರಡುವ ಮೊದಲೇ ಊರಿನಲ್ಲಿ ಒಂದು ಜಾಗ ಗುರುತಿಸಿ: ರೈಲು ನಿಲ್ದಾಣವೋ, ಚಪ್ಪಲಿ ಬಿಟ್ಟ ಅಂಗಡಿಯೋ. ಮಕ್ಕಳ ಜೇಬಿನಲ್ಲಿ ಫೋನ್ ನಂಬರ್ ಬರೆದ ಚೀಟಿ ಇರಲಿ. ಸೋಮವತಿ ಅಮಾವಾಸ್ಯೆಯಂದು ಪಲ್ಲಕ್ಕಿ ಕರ್ಹಾ ನದಿಗೆ ಸ್ನಾನಕ್ಕೆ ಹೊರಟಾಗ ಲಕ್ಷಗಟ್ಟಲೆ ಜನ ಒಟ್ಟಿಗೇ ಫೋನ್ ಮಾಡುತ್ತಾರೆ, ಕರೆ ಹೋಗುವುದೇ ಕಷ್ಟ. ಆಗಲೂ ಎಸ್ಎಂಎಸ್ ಹೋಗುವ ಸಾಧ್ಯತೆ ಹೆಚ್ಚು.

ದಾರಿ ತಪ್ಪಿದರೆ ಹಳ್ಳ ಹಿಡಿದು ಇಳಿದುಬಿಟ್ಟರೆ ಊರು ಸಿಗುತ್ತದೆ ಎಂಬುದು.

ವಾಸ್ತವ: ಬಯಲುಸೀಮೆಯಲ್ಲಿ ಇದು ನಡೆಯುತ್ತದೆ. ಈ ಗುಡ್ಡಗಳಲ್ಲಿ ನಡೆಯುವುದಿಲ್ಲ. ಪುಣೆ ಸುತ್ತಿನ ಬೆಟ್ಟಗಳೆಲ್ಲ ಲಾವಾ ಪದರದ ಮೇಲೆ ಪದರ ಹರಿದು ಗಟ್ಟಿಯಾದ ಕಪ್ಪುಕಲ್ಲು. ಮೆತ್ತನೆಯ ಪದರ ಸವೆದು ಇಳಿಜಾರಾಗುತ್ತದೆ, ಗಟ್ಟಿ ಪದರ ಗೋಡೆಯಂತೆ ಕಡಿದಾಗಿ ನಿಲ್ಲುತ್ತದೆ. ಹಳ್ಳ ಹಿಡಿದು ಇಳಿಯುವವರಿಗೆ ಮೇಲಿನಿಂದ ಇಳಿಜಾರು ಮಾತ್ರ ಕಾಣುತ್ತದೆ. ಅದರ ಕೆಳಗಿನ ಗೋಡೆ ಕಾಣುವುದು ಅಂಚಿಗೆ ಬಂದ ಮೇಲೆಯೇ, ಮಳೆಗಾಲದ ಹುಲ್ಲು ಆ ಅಂಚನ್ನೂ ಮುಚ್ಚಿರುತ್ತದೆ. ಗುಡ್ಡದ ಮೇಲಿನ ಕಾಲುದಾರಿಗಳಲ್ಲಿ ಎಷ್ಟೋ ಕುರಿ-ಮೇಕೆ ಮೇಯುತ್ತ ಆದವು. ಕಣ್ಣೆದುರೇ ಸ್ಪಷ್ಟವಾಗಿ ಸಾಗಿ, ಒಂದು ಪೊದೆಯ ಬುಡದಲ್ಲಿ ನಿಂತುಬಿಡುತ್ತವೆ. ದಾರಿ ತಪ್ಪಿತು ಅನ್ನಿಸಿದ ಕ್ಷಣವೇ ನಿಲ್ಲಬೇಕು, ಖಾತ್ರಿಯಿದ್ದ ಕೊನೆಯ ಜಾಗಕ್ಕೆ ಬಂದ ದಾರಿಯಲ್ಲೇ ಹಿಂತಿರುಗಬೇಕು. ಅದಕ್ಕಾಗಿ ಮತ್ತೆ ಹತ್ತಬೇಕಾದರೂ ಸರಿ. ಕುರಿ ಕಾಯುವವರು ಸಿಕ್ಕರೆ ಕೇಳಿ. ಆ ಗುಡ್ಡವನ್ನು ಅವರಷ್ಟು ಬಲ್ಲವರಿಲ್ಲ.

ಇನ್ನೊಂದು ಮಾತು. ನೆಟ್‌ವರ್ಕ್ ಇಲ್ಲದ ಕಡೆ ಜಿಪಿಎಸ್ ಸತ್ತುಹೋಗುತ್ತದೆ ಎಂದೇ ನಾವು ತಿಳಿದಿದ್ದೆವು. ಜಿಪಿಎಸ್ ಸಂಕೇತ ಬರುವುದು ಉಪಗ್ರಹದಿಂದ, ಟವರಿನಿಂದಲ್ಲ. ಊರಿನಲ್ಲೇ ನಕ್ಷೆ ಇಳಿಸಿಕೊಂಡಿದ್ದರೆ ಗುಡ್ಡದ ಮೇಲೂ ನೀವಿರುವ ಜಾಗ ತೋರಿಸುತ್ತದೆ. ಬ್ಯಾಟರಿ ಮಾತ್ರ ಉಳಿದಿರಬೇಕು, ಹಾಗಾಗಿ ಬೆಳಕಿಗೆ ಬೇರೆ ಟಾರ್ಚ್ ಒಯ್ಯಿರಿ.

ಭಂಡಾರ (ಅರಿಶಿನ ಪುಡಿ) ಬಿದ್ದ ಮೆಟ್ಟಿಲಿನಲ್ಲಿ ಯಾರಿಗೂ ಏನೂ ಆಗುವುದಿಲ್ಲ ಎಂಬುದು.

ವಾಸ್ತವ: ಮೆಟ್ಟಿಲೊಂದನ್ನು ಬಗ್ಗಿ ನೋಡಿ. ತಲೆಮಾರುಗಳ ಕಾಲು ಸವೆಸಿದ ಕಲ್ಲು ನಡುವೆ ತಗ್ಗಾಗಿ ನುಣುಪಾಗಿದೆ. ಸಂದಿಯಲ್ಲಿ ಹಳದಿ ಪುಡಿ ಗಟ್ಟಿಯಾಗಿ ಕೂತಿದೆ. ಅದರ ಮೇಲೆ ಒಡೆದ ತೆಂಗಿನಕಾಯಿಯ ನೀರು ಬಿದ್ದರೆ ಪುಡಿ ಲೋಳೆಯಾಗುತ್ತದೆ. ಮಳೆ ಹನಿದರಂತೂ ಬರಿಗಾಲಿಗೂ ಹಿಡಿತ ಸಿಗದು. ಪಕ್ಕದ ಸಾತಾರಾ ಜಿಲ್ಲೆಯಲ್ಲಿ, ವಾಯಿ ಹತ್ತಿರದ ಮಾಂಢರದೇವಿ ಬೆಟ್ಟದಲ್ಲಿ 2005ರ ಜನವರಿ 25ರಂದು ಜಾತ್ರೆಯ ನೂಕುನುಗ್ಗಲಿಗೆ ಸುಮಾರು 300 ಜನ ಸತ್ತರು. ಅಲ್ಲಿಯೂ ಕಾಯಿಯ ನೀರಿನಿಂದ ಮೆಟ್ಟಿಲು ಜಾರುತ್ತಿದ್ದವು, ಕೆಲವರು ಜಾರಿ ಬಿದ್ದರು, ಹಿಂದಿನಿಂದ ಜನ ನುಗ್ಗುತ್ತಲೇ ಇದ್ದರು. ಸತ್ತವರೂ ನಮ್ಮ ಹಾಗೆ ಭಕ್ತಿಯಿಂದ ಬಂದವರೇ.

ಆದ್ದರಿಂದ ಅಂಚಿನ ಗೋಡೆ ಹಿಡಿದು ನಡೆಯಿರಿ, ಇಳಿಯುವಾಗ ಇನ್ನೂ ನಿಧಾನ. ಜನ ಒತ್ತತೊಡಗಿದರೆ ಎದುರು ನೂಕಬೇಡಿ. ಎರಡೂ ಕೈಗಳನ್ನು ಎದೆಯ ಮುಂದೆ ಮಡಚಿ ಉಸಿರಾಡಲು ಜಾಗ ಮಾಡಿಕೊಂಡು, ಓರೆಯಾಗಿ ಪಕ್ಕಕ್ಕೆ ಸರಿಯುತ್ತ ಹೋಗಿ. ಬಿದ್ದ ಮೊಬೈಲಿಗೆ ಬಗ್ಗಬೇಡಿ. ಉರಿಯುವ ದೀಪ, ಕರ್ಪೂರದ ಮೇಲೆ ಭಂಡಾರ ಎರಚುವುದೂ ಬೇಡ. ಗಾಳಿಯಲ್ಲಿ ಹರಡಿದ ಇಂಥ ಉರಿಯಬಲ್ಲ ನುಣ್ಣನೆ ಪುಡಿಗೆ ಬೆಂಕಿ ತಟ್ಟನೆ ಹೊತ್ತಿಕೊಳ್ಳಬಹುದು.

ಜೇಬಿನಲ್ಲಿ ಈರುಳ್ಳಿ ಇದ್ದರೆ ಬಿಸಿಲು ಬಡಿಯುವುದಿಲ್ಲ, ದರ್ಶನದವರೆಗೆ ನೀರು ಕುಡಿಯಬಾರದು ಎಂಬುದು.

ವಾಸ್ತವ: ಜೇಬಿನ ಈರುಳ್ಳಿ ಮೈಯ ಶಾಖವನ್ನು ಹೀರುವುದಿಲ್ಲ. ಮೈಯನ್ನು ತಂಪಿಡುವುದು ಬೆವರು, ಬೆವರಿಗೆ ಬೇಕಾದದ್ದು ನೀರು. ಚೈತ್ರದ ಬಿಸಿಲಿನಲ್ಲಿ ಕಪ್ಪುಕಲ್ಲು ಕಾದಿರುತ್ತದೆ, ಕಡೇಪಠಾರದ ದಾರಿಯಲ್ಲಿ ನೆರಳು ಕಡಿಮೆ. ಅಂಥಲ್ಲಿ ನೀರು ಬಿಟ್ಟು ಹತ್ತಿದವರ ಮೈ ಕಾವು 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೊದಲು ಕೆಡುವುದು ಬುದ್ಧಿ. ತೊದಲುತ್ತಾರೆ, ತೂರಾಡುತ್ತಾರೆ, ಸಂಬಂಧವಿಲ್ಲದ ಮಾತಾಡುತ್ತಾರೆ. ಮೈಲಾರನ ಸನ್ನಿಧಿಯಲ್ಲಿ ಇದನ್ನು ಕಂಡವರು ಮೈಮೇಲೆ ದೇವರು ಬಂತೆಂದು ಕೈಮುಗಿದು ನಿಂತುಬಿಡುವ ಅಪಾಯವಿದೆ. ನಮ್ಮಲ್ಲಿ ದೇವರು ಬರುವುದು ಇದೆ, ಆ ನಂಬಿಕೆಯ ಜೊತೆ ಇಲ್ಲಿ ಜಗಳವಿಲ್ಲ. ಆದರೆ ಬಿಸಿಲಿನಲ್ಲಿ ಹತ್ತಿ ಬಂದವರು ಹಾಗೆ ಆಡಿದರೆ ಮೊದಲು ಹಣೆ ಮುಟ್ಟಿ ನೋಡಿ. ಮೈ ಸುಡುತ್ತಿದ್ದರೆ ನೆರಳಿಗೆ ಎತ್ತಿಕೊಂಡು ಹೋಗಿ, ಮೈಯೆಲ್ಲ ನೀರಿನಿಂದ ತೋಯಿಸಿ, ಗಾಳಿ ಹಾಕಿ, ಆಂಬುಲೆನ್ಸ್ ಕರೆಯಿರಿ. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಸುರಿಯಬೇಡಿ. ನೆರಳು-ನೀರು ಕೊಟ್ಟದ್ದಕ್ಕೆ ಯಾವ ದೇವರೂ ಮುನಿಯುವುದಿಲ್ಲ.

ಹಾವು ಕಚ್ಚಿದರೆ ಭಂಡಾರ ಹಚ್ಚಿ, ಬಿಗಿಯಾಗಿ ಕಟ್ಟಿದರೆ ವಿಷ ಇಳಿಯುತ್ತದೆ ಎಂಬುದು.

ವಾಸ್ತವ: ಹೀಗೆ ಮಾಡಿ ಬದುಕಿದವರು ಇದ್ದಾರೆ, ನಂಬಿಕೆ ಉಳಿದಿರುವುದೇ ಅದರಿಂದ. ಆದರೆ ಅವರಲ್ಲಿ ಬಹಳ ಜನರಿಗೆ ಕಚ್ಚಿದ್ದು ವಿಷವಿಲ್ಲದ ಹಾವು, ಇಲ್ಲವೇ ಕಚ್ಚಿದರೂ ವಿಷ ಬಿಡದ ಹಾವು. ನಾಗರ, ಕೊಳಕುಮಂಡಲ, ಗರಗಸಮಂಡಲ, ಕಟ್ಟುಹಾವು ವಿಷ ಬಿಟ್ಟಿದ್ದರೆ ಅದಕ್ಕೆ ಮದ್ದು ಆಸ್ಪತ್ರೆಯ ಪ್ರತಿವಿಷ ಒಂದೇ. ಬಿಗಿಯಾಗಿ ಕಟ್ಟಿದರೆ ರಕ್ತ ನಿಂತು ಕಾಲೇ ಕೊಳೆಯಬಹುದು. ಕೊಯ್ಯುವುದು, ಹೀರುವುದು ಎರಡೂ ಬೇಡ. ಕಚ್ಚಿಸಿಕೊಂಡವರನ್ನು ನಡೆಸದೆ, ಮುರಿದ ಕಾಲಿಗೆ ಕಟ್ಟುವ ಹಾಗೆ ಕೋಲಿಟ್ಟು ಸಡಿಲವಾಗಿ ಕಟ್ಟಿ, ಎತ್ತಿಕೊಂಡು ಇಳಿಸಿ.

ಹೊರರಾಜ್ಯದಲ್ಲಿ ನಮ್ಮ 108 ನಡೆಯುವುದಿಲ್ಲ ಎಂಬುದು.

ವಾಸ್ತವ: ನಡೆಯುತ್ತದೆ. ಮಹಾರಾಷ್ಟ್ರದಲ್ಲೂ ಆಂಬುಲೆನ್ಸಿಗೆ 108, ಪೊಲೀಸರೂ ಸೇರಿ ಎಲ್ಲ ತುರ್ತಿಗೂ 112. ಮರಾಠಿ ಬಾರದಿದ್ದರೆ ಹಿಂದಿಯಲ್ಲಿ ಹೇಳಿ, ಅದೂ ಬಾರದಿದ್ದರೆ ಪಕ್ಕದ ಅಂಗಡಿಯವರ ಕೈಗೆ ಫೋನ್ ಕೊಡಿ. ಮೊದಲ ಮಾತಿನಲ್ಲೇ ಗಡವೋ ಕಡೇಪಠಾರವೋ ಎಂದು ತಿಳಿಸಿಬಿಡಿ.