ಗಾಳಿಯಿಂದ ಗೊಬ್ಬರದ ಚೀಲಕ್ಕೆ

ಮಾಕಣಿ, ಉಮರ್ಗಾ, ನಿಲಂಗಾ ಸೀಮೆಯ ರೈತ ಬಾಂಧವರೇ, ಹೂ ಬಿಡೋ ಹೊತ್ತಿಗೆ ಒಂದು ಸೋಯಾ ಗಿಡ ಮೆಲ್ಲಗ ಕಿತ್ತು ನೋಡ್ರಿ. ಬೇರಿನ ತುಂಬ ಸಣ್ಣ ಗಂಟುಗಳು. ಒಂದನ್ನ ಉಗುರಿನಿಂದ ಸೀಳ್ರಿ. ಒಳಗ ನಸುಗೆಂಪು ಅದಂದ್ರ ರೈಜೋಬಿಯಂ ಜೀವಾಣು ಕೆಲಸ ನಡೆಸ್ಯಾವ. ಗಾಳಿಯಾಗ ಶೇ. 78ರಷ್ಟು ಸಾರಜನಕನೇ ಅದ. ಅದನ್ನ ಈ ಗಂಟು ಪುಕ್ಕಟೆ ಗೊಬ್ಬರ ಮಾಡ್ತದ.

ಗೊಬ್ಬರದ ಕಾರ್ಖಾನೆಗೂ ಸಾರಜನಕ ಅದೇ ಗಾಳಿಯಿಂದ. ಅದರ ಜೋಡಿ ಕೂಡಿಸಿ ಅಮೋನಿಯಾ ಮಾಡಾಕ ಬೇಕಾದ ಜಲಜನಕ ಮಾತ್ರ ಹಂಗ ಸಿಗೂದಿಲ್ಲ. ನೈಸರ್ಗಿಕ ಅನಿಲಕ್ಕ ಕಾದ ಹಬೆ ಕೂಡಿಸಿ ತೆಗೀಬೇಕು. ರಾಯಗಡ ಜಿಲ್ಲೆಯ ಥಳದಾಗ ಆರ್‌ಸಿಎಫ್ ಗೊಬ್ಬರ ಕಂಪನಿ ಹಿಂಗೇ ಅಮೋನಿಯಾ, ಅದರಿಂದ ಯೂರಿಯಾ ಮಾಡ್ತದ. 45 ಕಿಲೋ ಚೀಲದಾಗ ಸಾರಜನಕ 20 ಕಿಲೋಕ್ಕಿಂತ ಸ್ವಲ್ಪ ಜಾಸ್ತಿ.

ಸೋಯಾ, ತೊಗರಿ, ಕಡಲೆಗೆ ಯೂರಿಯಾ ಸುರಿದ್ರ ಗಂಟು ಕಟ್ಟೋದು ಕಮ್ಮಿ ಆಗ್ತದ. ಬಿತ್ತೋ ಮುಂಚೆ ಬೀಜಕ್ಕ ರೈಜೋಬಿಯಂ ಹಚ್ಚರಿ.